ಬಾಗಿಲ ಮೇಲಿನ ಗೆರೆಗಳು

ಚಳಿ ಬಿಟ್ಟಿತ್ತು, ಬಿಸಿಲು ಇನ್ನೂ ಬಲಿತಿರಲಿಲ್ಲ. ಬೆಳಗಿನ ಐದಕ್ಕೆ ಹತ್ತು ನಿಮಿಷ ಇತ್ತು. ಇಷ್ಟು ಸರಿಯಾಗಿ ಹೇಗೆ ಹೇಳುತ್ತೇನೆಂದರೆ, ನಮ್ಮ ಕೊಟ್ಟಿಗೆಯ ಗಡಿಯಾರ ಹತ್ತು ನಿಮಿಷ ಮುಂದೆ ಓಡುತ್ತಿತ್ತು, ಅದರಲ್ಲಿ ಐದಾದಾಗ ನಾನು ದೀಪ ಹಾಕಿದೆ. ದೀಪ ಹತ್ತಿದ ಕೂಡಲೇ ಗೊಣಗಮ್ಮ ಗೊಣಗಬೇಕಿತ್ತು. ಅಂದು ಗೊಣಗಲಿಲ್ಲ.

ಗೊಣಗಮ್ಮ ನಮ್ಮ ಹಸು. ಹಿಂಡಿ ಇಡಲು ಎರಡು ನಿಮಿಷ ತಡವಾದರೆ ಗಂಟಲಲ್ಲೇ ಏನೋ ಹೇಳಿಕೊಳ್ಳುತ್ತಿತ್ತು. ಹೆಸರಿಟ್ಟವಳು ನನ್ನ ತಂಗಿ. "ನನ್ನತ್ತೆ ಹೋದಮೇಲೆ ಮನೆ ತಣ್ಣಗಾಗಿತ್ತು, ಈಗ ಇವಳು ಬಂದ್ಲು ನೋಡು" ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು.

ಅಂದು ಅದು ಹಿಂದಿನ ಎಡಗಾಲನ್ನು ನೆಲಕ್ಕೆ ಊರದೆ ನಿಂತಿತ್ತು. ಕರು ಹಾಕಿ ಆರು ವಾರವಾಗಿತ್ತಷ್ಟೆ, ಕರುವನ್ನು ಆಗಲೇ ಬೇರೆಯವರಿಗೆ ಕೊಟ್ಟಿದ್ದೆವು, ಕೆಚ್ಚಲ ತುಂಬ ಹಾಲಿತ್ತು. ಮೂರು ಕಾಲಿನ ಮೇಲೆ ನಿಂತು ನನ್ನನ್ನು ನೋಡಿತು. ಅದು ಬುಧವಾರ.

ಆ ಕೊಟ್ಟಿಗೆಯಲ್ಲಿ ಹನ್ನೆರಡು ಹಸುಗಳನ್ನು ಕಟ್ಟುವ ಜಾಗವಿತ್ತು. ಹನ್ನೊಂದು ಖಾಲಿ. ತಂಗಿಯ ಗಂಡ ಇದ್ದಾಗ ಹನ್ನೆರಡೂ ತುಂಬಿರುತ್ತಿದ್ದವು. ನನ್ನ ಹೆಂಡತಿ ತೀರಿಕೊಂಡ ವರ್ಷ, ಹತ್ತು ದಿನ ಇದ್ದು ಹೋಗುತ್ತೇನೆಂದು ಬಂದವನು ನಾನು. ಮೂವತ್ತೊಂದು ವರ್ಷ ಇದ್ದುಬಿಟ್ಟೆ. ತಂಗಿಯ ಗಂಡ ಹೋದಮೇಲೆ ಹಸುಗಳು ಒಂದೊಂದಾಗಿ ಮಾರಿಹೋದವು. ತಂಗಿಯ ಮಂಡಿ ಸವೆದಿತ್ತು. ಮೆಟ್ಟಿಲು ಇಳಿಯುವಾಗ ಗೋಡೆಗೆ ಕೈ ಕೊಟ್ಟುಕೊಂಡೇ ಇಳಿಯುತ್ತಿದ್ದಳು. ಅವಳ ಮಗಳು ದೂರದ ಪಟ್ಟಣದಲ್ಲಿ, ಲಿಫ್ಟ್ ಇರುವ ಮನೆಯಲ್ಲಿದ್ದಳು. ವಾರಕ್ಕೆರಡು ಸಲ ಫೋನು ಮಾಡಿ ಒಂದೇ ಮಾತು.

"ಅಮ್ಮಾ, ಒಂದು ಹಸುಗೋಸ್ಕರ ಇನ್ನೂ ಎಷ್ಟು ದಿನ ಒದ್ದಾಡ್ತೀಯಾ? ಬಂದ್ಬಿಡು."

"ಅವಳು ನಿಂತಿರೋವರೆಗೆ ನಾನಿಲ್ಲೇ ಕಣೇ. ಅವಳು ಮಲಗಿದ ದಿನ ಗಂಟುಮೂಟೆ ಕಟ್ಟಿ ಬರ್ತೀನಿ, ಆಮೇಲೆ ನೀನೇ ಬೇಡಮ್ಮಾ ಅನ್ನಬೇಕು."

ತಮಾಷೆಗೆ ಹೇಳಿದ ಮಾತು. ಆದರೆ ಹೇಳುತ್ತಾ ಹೇಳುತ್ತಾ ಅದೇ ಒಪ್ಪಂದವಾಗಿ ಕೂತಿತು. ಮಗಳೂ ಅದನ್ನೇ ಹಿಡಿದುಕೊಂಡಳು, ನಾನೂ ಅದನ್ನೇ ಹಿಡಿದುಕೊಂಡೆ. ಗೊಣಗಮ್ಮ ನಿಂತಿದ್ದರೆ ತಂಗಿ ಇರುತ್ತಾಳೆ. ಒಲೆಯ ಹತ್ತಿರ ಎರಡು ಲೋಟ ಇರುತ್ತವೆ. ನನಗೆ ಬೇಕಾಗಿದ್ದದ್ದು ಅಷ್ಟೇ.

ಡಾಕ್ಟರಮ್ಮ ಮಧ್ಯಾಹ್ನ ಬಂದರು. ಚಿಕ್ಕ ವಯಸ್ಸಿನವರು, ಕಾಲಿಗಿಂತ ಅಗಲದ ರಬ್ಬರ್ ಬೂಟು. ಗೊರಸು ಕೆತ್ತಿ, ಒಳಗಿನ ಕೀವು ತೆಗೆದು, ಪಕ್ಕದ ಒಳ್ಳೆಯ ಗೊರಸಿಗೆ ಮರದ ತುಂಡು ಅಂಟಿಸಿದರು, ನೋವಿರುವ ಭಾಗಕ್ಕೆ ಭಾರ ಬೀಳದಿರಲೆಂದು.

"ಅಜ್ಜಾ, ನೋವಿಗೆ ಮಾತ್ರೆ. ದಿನಕ್ಕೆ ಒಂದೇ. ಮೂರೇ ದಿನ. ಡಬ್ಬೀಲಿ ಜಾಸ್ತಿ ಇದೆ, ಹಾಗಂತ ಜಾಸ್ತಿ ಕೊಡಬೇಡಿ. ಗೊರಸು ನಿಧಾನಕ್ಕೆ ವಾಸಿಯಾಗುತ್ತೆ, ತಿಂಗಳು ಹಿಡಿಯುತ್ತೆ."

"ತಿಂಗಳಾ?" ಎಂದಳು ತಂಗಿ.

"ನಿಮ್ಮ ಮಂಡಿಗಿಂತ ಬೇಗ ಅಮ್ಮಾ" ಎಂದು ಡಾಕ್ಟರಮ್ಮ ನಕ್ಕರು. ತಂಗಿಯೂ ನಕ್ಕಳು.

ನಮ್ಮ ಕೊಟ್ಟಿಗೆಯಲ್ಲಿ ಒಂದು ಪದ್ಧತಿಯಿತ್ತು, ಅದನ್ನು ಹೇಳಲೇಬೇಕು. ಬೆಳಗು ನನ್ನದು, ಸಂಜೆ ತಂಗಿಯದು. ಬೆಳಗ್ಗೆ ನಾನು ಏನು ಮಾಡಿದೆ ಎಂದು ಅವಳು ಕೇಳುವಂತಿಲ್ಲ, ಸಂಜೆಯದನ್ನು ನಾನು ಕೇಳುವಂತಿಲ್ಲ. ಇಬ್ಬರೂ ಒಂದೇ ಕೆಲಸಕ್ಕೆ ಕೈ ಹಾಕಿದರೆ ಜಗಳ ಆಗುತ್ತದೆಂದು ಅವಳ ಗಂಡ ಮಾಡಿದ ಏರ್ಪಾಡು. ಒಂದು ಸಲ ಮಾತ್ರ ಎಡವಟ್ಟಾಗಿತ್ತು. ಒಂದೇ ಕರುವಿಗೆ ಬೆಳಗ್ಗೆ ನಾನೂ ಸಂಜೆ ಅವಳೂ ಹುಳದ ಔಷಧಿ ಕುಡಿಸಿದ್ದೆವು. ಕರು ಎರಡು ದಿನ ಭೇದಿ ಮಾಡಿಕೊಂಡು ಉಳಿಯಿತು. ಆವತ್ತೇ ಅವಳ ಗಂಡ ಬಾಗಿಲ ಪಕ್ಕ ಒಂದು ಡಬ್ಬಿಯಲ್ಲಿ ಸೀಮೆಸುಣ್ಣ ಇಟ್ಟ. ಯಾರು ಔಷಧಿ ಕೊಟ್ಟರೂ ಬಾಗಿಲ ಮರದ ಮೇಲೆ ಒಂದು ಗೆರೆ. "ಅಣ್ಣತಂಗಿಗೆ ಬಾಯಿ ಇಲ್ಲ, ಬಾಗಿಲಾದ್ರೂ ಮಾತಾಡ್ಲಿ" ಎಂದಿದ್ದ. ಓದು ಬರಹ ನನಗೆ ಅಷ್ಟಕ್ಕಷ್ಟೇ, ಗೆರೆ ಎಳೆಯಲು ಬರುತ್ತಿತ್ತು.

ಗುರುವಾರ ಒಂದು ಗೆರೆ ಎಳೆದೆ. ಶುಕ್ರವಾರ ಒಂದು. ಶನಿವಾರ ಒಂದು. ಶನಿವಾರ ಗೊಣಗಮ್ಮ ನಾಲ್ಕೂ ಕಾಲೂರಿ ನಿಂತು ಹಿಂಡಿ ತಡವಾಯಿತೆಂದು ಗೊಣಗಿತು. ತಂಗಿ ಒಳಗಿನಿಂದಲೇ ಕೂಗಿದಳು, "ಬಂತು ನೋಡಣ್ಣಾ, ಅತ್ತೆಗೆ ಜೀವ ಬಂತು!"

ಭಾನುವಾರ ಬೆಳಗ್ಗೆ ಮತ್ತೆ ಕಾಲು ಎತ್ತಿಕೊಂಡು ನಿಂತಿತ್ತು. ಗೆರೆ ಮೂರು ಆಗಿದ್ದವು. ಡಬ್ಬಿಯಲ್ಲಿ ಮಾತ್ರೆ ಇತ್ತು. ಬೂಸಾ ನೆನೆಸಿ ಉಂಡೆ ಕಟ್ಟಿ, ಒಳಗೆ ಮಾತ್ರೆ ಇಟ್ಟು ಕೊಟ್ಟೆ. ಸೀಮೆಸುಣ್ಣ ಕೈಯಲ್ಲಿ ಹಿಡಿದೆ. ಗೆರೆ ಎಳೆದರೆ ಸಂಜೆ ತಂಗಿ ನೋಡುತ್ತಾಳೆ, ಡಾಕ್ಟರಮ್ಮನಿಗೆ ಫೋನು ಮಾಡುತ್ತಾಳೆ, ಇನ್ನೂ ವಾಸಿಯಾಗಿಲ್ಲ ಎಂಬ ಮಾತು ಬರುತ್ತದೆ, ಮಗಳ ಕಿವಿಗೂ ಬೀಳುತ್ತದೆ. ಸೀಮೆಸುಣ್ಣ ಡಬ್ಬಿಗೆ ಹಾಕಿದೆ. ಒಂದು ದಿನಕ್ಕೆ ಏನಾಗುತ್ತದೆ ಎಂದುಕೊಂಡೆ. ಎರಡನೆಯ ದಿನವೂ ಹಾಗೇ ಅಂದುಕೊಂಡೆ.

ಮಾತ್ರೆ ಕೊಟ್ಟ ಮೇಲೆ ಅದು ಚೆನ್ನಾಗಿ ನಿಲ್ಲುತ್ತಿತ್ತು. ಅದನ್ನು ನೋಡಿ ನನಗೂ ಧೈರ್ಯ. ಬುಧವಾರದ ಹೊತ್ತಿಗೆ ನಾನು ನೆನೆಸಿದ್ದಕ್ಕಿಂತ ಚೆನ್ನಾಗಿ ನಿಂತಿತು, ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿತು. ನನ್ನ ಒಂದು ಮಾತ್ರೆಗೆ ಇಷ್ಟು ಗುಣವೇ ಎಂದು ನಾನು ಒಂದು ಗಳಿಗೆಯಾದರೂ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಹಾಲಿನ ವ್ಯಾನಿನವನನ್ನು ನಾವು ಹಾರ್ನಪ್ಪ ಅನ್ನುತ್ತಿದ್ದೆವು. ಬೀದಿ ಖಾಲಿ ಇದ್ದರೂ ಹಾರ್ನು. ಗುರುವಾರ ಕ್ಯಾನು ಎತ್ತಿ ನೋಡಿ ಅಂದ, "ಏನ್ ಯಜಮಾನ್ರೇ, ಹಾಲು ಅರ್ಧಕ್ಕೆ ಬಂತು? ನೀವೇ ಕುಡಿದ್ರಾ?"

"ನೀನು ಹಾರ್ನು ಹೊಡೆದು ಹೊಡೆದು ಅದರ ಹಾಲು ಇಂಗಿಹೋಯ್ತು."

"ಸರಿ ಹಾಗಿದ್ರೆ, ನಾಳೆಯಿಂದ ಪೀಪಿ ಊದ್ತೀನಿ."

ನಗುತ್ತಾ ಕಳಿಸಿದೆ. ಒಳಗೆ ಬಂದರೆ ಗೋದಲಿಯಲ್ಲಿ ಹಿಂಡಿ ಹಾಗೇ ಇತ್ತು. ಹುಲ್ಲನ್ನು ಮಾತ್ರ ಎರಡು ಎಳೆ ಎಳೆದಿತ್ತು. ಬೆನ್ನು ಬಿಲ್ಲಿನಂತೆ ಮೇಲಕ್ಕೆ ಬಾಗಿತ್ತು. ಕಿರ್ ಕಿರ್ ಎಂದು ಒಂದು ಸದ್ದು. ಬಾಗಿಲ ತಿರುಗುಣಿ ಇರಬೇಕು ಎಂದು ಹೋಗಿ ಅಲ್ಲಾಡಿಸಿ ನೋಡಿದೆ. ಬಾಗಿಲಲ್ಲ. ಅದು ಹಲ್ಲು ಕಡಿಯುತ್ತಿತ್ತು.

ಶುಕ್ರವಾರ ಬೆಳಗ್ಗೆ ನೆಲ ತೊಳೆಯುವಾಗ ಸಗಣಿ ಕಪ್ಪಗಿತ್ತು. ನಾನು ಬೆಳಕು ಹರಿಯುವ ಮೊದಲೇ ಪೈಪು ಹಿಡಿದು ಕೊಟ್ಟಿಗೆ ತೊಳೆದುಬಿಡುತ್ತಿದ್ದೆ. ನನ್ನ ಕೊಟ್ಟಿಗೆಯ ನೆಲದ ಮೇಲೆ ಕೂತು ಉಣ್ಣಬಹುದು ಎಂದು ಊರೆಲ್ಲ ಹೇಳುತ್ತಿತ್ತು, ನನಗೆ ಅದೊಂದು ಜಂಬ. ದೀಪದ ಬೆಳಕಿಗೆ ಕಪ್ಪಗೆ ಕಾಣುತ್ತದೆ ಎಂದುಕೊಂಡೆ. ಆದರೆ ಅದು ಡಾಂಬರಿನ ಹಾಗೆ ನೆಲಕ್ಕೆ ಅಂಟಿತ್ತು, ನೀರು ಬಿಟ್ಟರೆ ಬಿಡದು. ಪೊರಕೆ ಹಾಕಿ ಉಜ್ಜಿದೆ. ಬೇರೆಯದೇ ಒಂದು ವಾಸನೆ. ಎರಡು ವರ್ಷದ ಹಿಂದೆ ಕಬ್ಬಿಣದ ಟಾನಿಕ್ ಕುಡಿಸಿದಾಗಲೂ ಸಗಣಿ ಕಪ್ಪಗೆ ಬಂದಿತ್ತು. ಅದೇ ಇರಬೇಕು ಎಂದು ಮನಸ್ಸಿಗೆ ಹೇಳಿಕೊಂಡೆ. ಈ ಸಲ ಟಾನಿಕ್ ಕೊಟ್ಟಿರಲಿಲ್ಲ. ನನಗೆ ಗೊತ್ತಾಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಚರಂಡಿಯಲ್ಲಿ ನೀರು ತಿಳಿಯಾಗುವವರೆಗೂ ತೊಳೆದೆ. ಶನಿವಾರವೂ ತೊಳೆದೆ. ಭಾನುವಾರವೂ. ಆ ಮೂರು ದಿನವೂ ಬೂಸಾದ ಉಂಡೆ ಕೊಟ್ಟೆ, ಯಾಕೆಂದರೆ ನೋವಿಗೆ ಹಲ್ಲು ಕಡಿಯುತ್ತಿದೆಯಲ್ಲ, ನೋವಿಗೆ ತಾನೇ ಈ ಮಾತ್ರೆ.

ಸೋಮವಾರ ಬೆಳಗ್ಗೆ ಗೊಣಗಮ್ಮ ಏಳಲಿಲ್ಲ. ಕಿವಿ ಮುಟ್ಟಿದರೆ ತಣ್ಣಗೆ. ತಂಗಿಯನ್ನು ನಾನೇ ಕೂಗಿದೆ. ಬೆಳಗಿನ ಹೊತ್ತು ನಾನು ಅವಳನ್ನು ಕೂಗಿದ್ದು ಅದೇ ಮೊದಲು. ಗೋಡೆ ಹಿಡಿಯದೆ ಮೆಟ್ಟಿಲು ಇಳಿದು ಬಂದಳು.

ಡಾಕ್ಟರಮ್ಮ ಬಂದವರು ಅಂದು ನಗಲಿಲ್ಲ. ಕಣ್ಣಿನ ರೆಪ್ಪೆ ಕೆಳಗೆಳೆದು ನಮಗೂ ತೋರಿಸಿದರು. ಕೆಂಪಾಗಿರಬೇಕಾದ ಜಾಗ ಕಾಗದದ ಹಾಗೆ ಬೆಳ್ಳಗಿತ್ತು. ಉದ್ದ ಕೈಗವಸು ಹಾಕಿಕೊಂಡು ಹಿಂದಿನಿಂದ ಕೈಯಿಟ್ಟು ತೆಗೆದರು. ಮೊಣಕೈವರೆಗೆ ಕಪ್ಪು.

"ಇದು ರಕ್ತ. ಒಳಗೇ ಸುರಿದು, ಅರಗಿ, ಕಪ್ಪಾಗಿ ಬರ್ತಿದೆ. ಎಷ್ಟು ದಿನದಿಂದ?"

"ಇವತ್ತೇ" ಎಂದೆ ನಾನು.

"ಇವತ್ತೇ ನೋಡಿದ್ದು" ಎಂದಳು ತಂಗಿ.

ಡಾಕ್ಟರಮ್ಮ ಹಿಡಿಯಷ್ಟು ಹುಲ್ಲಿನಲ್ಲಿ ಕೈ ಒರೆಸಿಕೊಂಡು, ನಮಗೆ ತಿಳಿಯುವ ಹಾಗೆ ಹೇಳಿದರು. ಹಸುವಿಗೆ ಹೊಟ್ಟೆ ನಾಲ್ಕು. ಮೊದಲಿನ ಮೂರು ಹುಲ್ಲು ನೆನೆಸಿ, ಸೋಸಿ, ಹಿಂಡುವ ಜಾಗ. ನಾಲ್ಕನೆಯದು ನಮ್ಮ ಹೊಟ್ಟೆಯ ಹಾಗೆ, ಅಲ್ಲಿ ಹುಳಿ ಇರುತ್ತದೆ. ಆ ಹುಳಿ ಹೊಟ್ಟೆಯನ್ನೇ ತಿನ್ನದಿರಲೆಂದು ಒಳಗೆ ಒಂದು ಲೋಳೆಯ ಹೊದಿಕೆ. ಹೊದಿಕೆ ಹರಿದರೆ ಉರಿಯೂತ, ಆಮೇಲೆ ಹುಣ್ಣು, ಹುಣ್ಣಿನಿಂದ ರಕ್ತ.

"ಕರು ಹಾಕಿದ ಆಯಾಸ, ಹಿಂಡಿ ಜಾಸ್ತಿ, ಕಾಲಿನ ಕಾಟ, ಇವೆಲ್ಲ ಸೇರಿದ್ರೂ ಆಗಬಹುದು. ನೋವಿನ ಮಾತ್ರೆ ಜಾಸ್ತಿಯಾದ್ರೂ ಆ ಹೊದಿಕೆ ಹೋಗುತ್ತೆ." ಅವರು ನಮ್ಮಿಬ್ಬರನ್ನೂ ನೋಡಿದರು. "ಮೂರು ದಿನದ ಮೇಲೆ ಮತ್ತೆ ಕೊಟ್ಟಿದ್ದೀರಾ?"

"ಇಲ್ಲ" ಎಂದೆ.

"ಇಲ್ಲ" ಎಂದಳು ತಂಗಿ. ಇಬ್ಬರದೂ ಒಂದೇ ಉಸಿರಿಗೆ ಬಂತು. ಅವಳು ನನ್ನ ಪರವಾಗಿ ಹೇಳಿದಳು ಎಂದೇ ನಾನು ತಿಳಿದೆ. ಆಮೇಲೆ ಬಾಗಿಲ ಕಡೆ ಕೈ ತೋರಿಸಿ ಅಂದಳು, "ಅಲ್ಲಿ ನೋಡಿ, ಮೂರೇ ಗೆರೆ. ನಮ್ಮಲ್ಲಿ ಗೆರೆ ತಪ್ಪೋದಿಲ್ಲ."

ಡಾಕ್ಟರಮ್ಮ ಗೆರೆಗಳನ್ನು ನೋಡಿದರು, ನಂಬಿದರು.

"ಒಂದು ಮೂರು ದಿನ ಮುಂಚೆ ಕರೆದಿದ್ದಿದ್ರೆ" ಎಂದು ಶುರು ಮಾಡಿದವರು ಅಲ್ಲಿಗೇ ಬಿಟ್ಟರು.

ಅಂದು ಸಂಜೆ ಎರಡು ಬೀದಿ ಆಚೆಯ ಕೊಟ್ಟಿಗೆಯವನು ತನ್ನ ದೊಡ್ಡ ಹಸುವನ್ನು ಹೊಡೆದುಕೊಂಡು ಬಂದ. ಅದರ ಕುತ್ತಿಗೆಯಿಂದ ರಕ್ತ ತೆಗೆದು ಗೊಣಗಮ್ಮನಿಗೆ ಏರಿಸಿದರು. ದೊಡ್ಡ ಚೀಲವನ್ನು ನಾನು ತಲೆಯ ಮೇಲೆತ್ತಿ ಹಿಡಿದು ಒಂದೂವರೆ ಗಂಟೆ ನಿಂತೆ. ತಂಗಿ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒದ್ದೆ ನೆಲದ ಮೇಲೆಯೇ ಕೂತಿದ್ದಳು. ಅಷ್ಟು ಹೊತ್ತು ಮಂಡಿ ಮಡಚಿ ಕೂತದ್ದು ಹೇಗೋ, ಏಳುವಾಗ ನಾನೂ ಡಾಕ್ಟರಮ್ಮನೂ ಸೇರಿ ಎತ್ತಬೇಕಾಯಿತು.

ಮಂಗಳವಾರ ಬೆಳಗ್ಗೆ ಗೊಣಗಮ್ಮ ಎದ್ದು ನಿಂತಿತ್ತು. ನೀರು ಕುಡಿಯಿತು. ನಾನು ಹುಲ್ಲು ಹಾಕಲು ತಡ ಮಾಡಿದೆ, ಬೇಕೆಂದೇ ತಡ ಮಾಡಿದೆ. ಸಣ್ಣಗೆ ಒಂದು ಸಲ ಗೊಣಗಿತು. ಬಾಗಿಲಲ್ಲಿ ನಿಂತಿದ್ದ ತಂಗಿ ಸೆರಗು ಬಾಯಿಗೆ ಒತ್ತಿಕೊಂಡಳು. "ಬೈತಾ ಇದ್ದಾಳೆ ಅಣ್ಣಾ, ನಮ್ಮನ್ನ ಬೈತಾ ಇದ್ದಾಳೆ" ಎಂದಳು. ಆ ದಿನ ಇಬ್ಬರೂ ಹೊಟ್ಟೆ ತುಂಬ ಉಂಡೆವು. ಮಗಳಿಗೆ ಫೋನು ಮಾಡಿ, ಎಲ್ಲ ಸರಿಹೋಯಿತು ಎಂದೂ ಹೇಳಿದಳು.

ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಹುಣ್ಣು ಒಳಗೇ ತೂತಾಯಿತು ಎಂದು ಕಾಣುತ್ತದೆ. ಹೊಟ್ಟೆ ಬಿಗಿದುಕೊಂಡಿತು, ಮೈಯೆಲ್ಲ ನಡುಗಿತು. ಡಾಕ್ಟರಮ್ಮನಿಗೆ ಹೇಳಿಕಳಿಸಿದೆವು. ಅವರು ಬರುವ ಹೊತ್ತಿಗೆ ಮಾಡುವ ಕೆಲಸವೇನೂ ಉಳಿದಿರಲಿಲ್ಲ. ಗೊಣಗಮ್ಮ ನನ್ನ ಕಡೆ ನೋಡಲಿಲ್ಲ. ತಂಗಿಯ ಕೈ ನೆಕ್ಕುತ್ತಿತ್ತು, ನೆಕ್ಕುತ್ತಾ ನೆಕ್ಕುತ್ತಾ ನಾಲಿಗೆ ಅಲ್ಲೇ ನಿಂತಿತು.

ಗುರುವಾರ ಸಂಜೆ ಅಡುಗೆಮನೆಯಲ್ಲಿ ಕೂತಿದ್ದೆವು. ಹಾಲು ಕರೆಯುವ ಹೊತ್ತು. ಅವಳು ಅಭ್ಯಾಸಬಲದಿಂದ ಕ್ಯಾನು ತೊಳೆದು ಬೋರಲು ಹಾಕಿದ್ದಳು. ಟೀ ಆರಿಹೋಗಿತ್ತು.

"ಅಣ್ಣಾ, ನಿನಗೊಂದು ಮಾತು ಹೇಳಬೇಕು. ಬೈಬೇಡ."

"ನಾನ್ಯಾವತ್ತು ಬೈದಿದ್ದೀನಿ?"

"ಅವಳನ್ನ ನಾನೇ ಕೊಂದೆ."

ನಾನು ಲೋಟ ಕೆಳಗಿಟ್ಟೆ.

"ಭಾನುವಾರ ಸಂಜೆ ಅವಳ ಕಾಲು ನೋಡಿದೆ, ಊರ್ತಾ ಇರಲಿಲ್ಲ. ಹಾರ್ನಪ್ಪನ ಕೈಲಿ ಮಾತ್ರೆ ತರಿಸಿದೆ. ಮಂಗಳವಾರದಿಂದ ಕೊಟ್ಟೆ, ಬ್ರೆಡ್ಡೊಳಗೆ ಇಟ್ಟು. ಆರು ದಿನ ಅಣ್ಣಾ. ಗೆರೆ ಎಳೀಲಿಲ್ಲ. ನೀನು ನೋಡ್ತೀಯಾ ಅಂತ. ಸಗಣಿ ಕಪ್ಪಗೆ ಬಂತು, ಹುಲ್ಲು ಎಳೆದು ಮುಚ್ಚಿದೆ. ಬೆಳಗ್ಗೆ ನೀನು ಬಂದ್ರೆ ಗೊತ್ತಾಗುತ್ತೆ, ನೀನು ಕೇಳ್ತೀಯಾ, ಆವಾಗ ಹೇಳಿಬಿಡೋಣ ಅಂತಾನೂ ಕಾದೆ. ನೀನು ಕೇಳಲಿಲ್ಲ."

ಬೆಳಗ್ಗೆ ನನ್ನದೊಂದು, ಸಂಜೆ ಅವಳದೊಂದು.

"ಯಾಕೆ ಕೊಟ್ಟೆ?" ಎಂದೆ. ಕೇಳಬೇಕಾದದ್ದು ನಾನಲ್ಲ, ಆದರೂ ಕೇಳಿದೆ.

"ಅವಳು ನಿಂತಿದ್ರೆ ನಾನಿಲ್ಲಿ ಇರಬಹುದಿತ್ತಲ್ಲ" ಎಂದಳು. "ನನಗೆ ಆ ಲಿಫ್ಟು, ಆ ಬಾಲ್ಕನಿ ಯಾವುದೂ ಬೇಡ ಅಣ್ಣಾ. ಬೆಳಗ್ಗೆ ನೀನು ಪೈಪು ಬಿಡೋ ಸದ್ದು ಕೇಳಿಸಿದ್ರೆ ಸಾಕು ನನಗೆ, ಆಮೇಲೆ ಇನ್ನೊಂದು ನಿದ್ದೆ ಬರುತ್ತೆ. ಈಗ ಇರ್ತೀನಿ ಅನ್ನೋಕೆ ಯಾವ ಮುಖ ಇಟ್ಕೊಂಡು ಅನ್ನಲಿ? ಆ ಕೊಟ್ಟಿಗೆ ಕಡೆ ನೋಡೋಕೆ ಆಗ್ತಿಲ್ಲ ನನಗೆ."

ಅವಳು ಅಳುತ್ತಿದ್ದಳು. ಹೇಳಬೇಕಾದದ್ದು ಒಂದೇ ಮಾತು. ನಾನೂ ಕೊಟ್ಟೆ, ನಿನಗಿಂತ ಎರಡು ದಿನ ಜಾಸ್ತಿ ಕೊಟ್ಟೆ, ನಿನ್ನ ಕಾರಣಕ್ಕೇ ಕೊಟ್ಟೆ. ಬಾಯಿ ತೆರೆದೆ. "ಟೀ ಬಿಸಿ ಮಾಡ್ಲಾ?" ಎಂಬ ಮಾತು ಬಂತು.

ಅವಳು ತಲೆಯಾಡಿಸಿ ಎದ್ದು ಹೋದಳು.

ಶುಕ್ರವಾರ ಬೆಳಗ್ಗೆ ತೊಳೆಯಲು ಏನೂ ಇರಲಿಲ್ಲ, ಆದರೂ ಹೋಗಿ ಪೈಪು ಬಿಟ್ಟೆ, ಅವಳಿಗೆ ಕೇಳಲಿ ಎಂದು. ದೀಪ ಹಾಕಿದಾಗ ಬಾಗಿಲು ಕಂಡಿತು. ಮೂರು ಗೆರೆಗಳ ಪಕ್ಕ, ಒಂದು ಬೆರಳು ಜಾಗ ಬಿಟ್ಟು, ಆರು ಹೊಸ ಗೆರೆಗಳಿದ್ದವು. ಹಿಂದಿನ ಸಂಜೆಯೇ ಯಾವಾಗಲೋ ಬಂದು ಎಳೆದಿದ್ದಳು. ಒಂದೆರಡು ಸೊಟ್ಟಗಿದ್ದವು.

ಸೀಮೆಸುಣ್ಣ ತೆಗೆದುಕೊಂಡೆ. ಮರಕ್ಕೆ ತಾಗಿಸಿಯೂ ತಾಗಿಸಿದೆ. ಆಗ ಮೇಲೆ ಮನೆಯಲ್ಲಿ ಅವಳು ಮಂಚದಿಂದ ಏಳುವ ಸದ್ದಾಯಿತು, ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡೆ. ಶನಿವಾರವೂ ಜೇಬಿನಲ್ಲೇ ಇತ್ತು. ಅವಳು ಪೆಟ್ಟಿಗೆ ತುಂಬುತ್ತಿದ್ದಳು, ನಾನು ಹಗ್ಗ ಬಿಗಿದುಕೊಟ್ಟೆ. "ನಿನ್ನ ಮಾತ್ರೆ ಡಬ್ಬಿ ಮೇಲಿನ ಅರೇಲಿದೆ, ಬಿ.ಪಿ.ದು. ಮರೀಬೇಡ" ಎಂದಳು. ಮಾತ್ರೆ ಎಂಬ ಮಾತಿಗೆ ಇಬ್ಬರೂ ತಲೆ ಎತ್ತಲಿಲ್ಲ. ನನ್ನ ಅಂಗಿಯ ಜೇಬು ಬೆಳ್ಳಗಾಗಿದ್ದನ್ನು ನೋಡಿ ಕೈಯಿಂದ ತಟ್ಟಿದಳು. "ಏನಿದು, ಸುಣ್ಣ ಮೆತ್ಕೊಂಡಿದ್ದೀಯಾ" ಎಂದಳು. ಕೇಳಿದ್ದಳು, ಅಷ್ಟು ಹತ್ತಿರಕ್ಕೆ ಬಂದು ಕೇಳಿದ್ದಳು. "ಗೋಡೆಗೆ ಒರಗಿದ್ದೆ" ಎಂದೆ.

ಆಮೇಲೆ ಮೂರು ವರ್ಷ ಅವಳು ಆ ಬಾಲ್ಕನಿಯ ಮನೆಯಲ್ಲಿದ್ದಳು. ವಾರಕ್ಕೊಮ್ಮೆ ಫೋನು. ಮಂಡಿ ಹೇಗಿದೆ ಎಂದು ನಾನು ಕೇಳುತ್ತಿದ್ದೆ, ಊಟ ಆಯ್ತಾ ಎಂದು ಅವಳು ಕೇಳುತ್ತಿದ್ದಳು. ಒಂದು ಸಲ ಅವಳೇ ಅಂದಳು, "ಅಣ್ಣಾ, ಈಗಲೂ ಕೈ ನೆಕ್ಕಿದ ಹಾಗಾಗುತ್ತೆ." ಆಗಲೂ ನಾನು ಬಾಯಿ ಬಿಡಲಿಲ್ಲ. ಮೌನದಲ್ಲಿ ಕೆಟ್ಟದ್ದೇನೂ ಇಲ್ಲ ಎಂದು ನಾನು ಬಹಳ ವರ್ಷ ನಂಬಿದ್ದವನು. ಈಗ ಹೇಳೋಣವೆಂದರೆ ಫೋನು ಎತ್ತಲು ಅವಳಿಲ್ಲ. ಒಬ್ಬಳೇ ಹೊತ್ತಳು, ಹೊತ್ತುಕೊಂಡೇ ಹೋದಳು.

ಆ ಭಾನುವಾರ ಹತ್ತು ಗಂಟೆಗೆ ಮಗಳ ಕಾರು ಬಂತು. "ಮಾವ, ನೀವೂ ಬನ್ನಿ, ಜಾಗ ಇದೆ" ಎಂದಳು ಮಗಳು. "ನೋಡೋಣಮ್ಮಾ" ಎಂದೆ. ತಂಗಿ ಕೊಟ್ಟಿಗೆಯ ಕಡೆ ತಿರುಗದೆ ಕಾರು ಹತ್ತಿದಳು. ಗಾಜು ಇಳಿಸಿ ನನ್ನ ಕೈ ಹಿಡಿದಳು, ಏನೋ ಕಾಯುತ್ತಿರುವವಳ ಹಾಗೆ ಸ್ವಲ್ಪ ಹೊತ್ತು ಹಿಡಿದೇ ಇದ್ದಳು. ಮಗಳು ಗಾಡಿ ಚಾಲೂ ಮಾಡಿದಳು.

ಬೀದಿಯ ತಿರುವಿನಲ್ಲಿ ಸದ್ದು ಅಡಗಿದ ಮೇಲೆ ನಾನು ಒಳಗೆ ಹೋಗಿ, ಜೇಬಿನಿಂದ ಸೀಮೆಸುಣ್ಣ ತೆಗೆದು, ಅವಳ ಆರು ಗೆರೆಗಳ ಕೆಳಗೆ ನನ್ನ ಎಂಟು ಗೆರೆ ಎಳೆದೆ. ಒಂದೂ ಸೊಟ್ಟಗಾಗಲಿಲ್ಲ.

ಗೊಣಗಮ್ಮ ಹೋದದ್ದು ಬುಧವಾರ. ನನ್ನ ತಂಗಿ ಹೋದದ್ದು ಭಾನುವಾರ.